ಎಡ ಮಗ್ಗುಲ ಪಾಠ

ಆ ಗುರುವಾರ ಫಕೀರಪ್ಪ ಕಮ್ಮಾರನ ಸರದಿ ಇರಲಿಲ್ಲ. ಆದರೂ ಬಂದ. ನಿದ್ರಾ ಪ್ರಯೋಗಾಲಯದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಡಾಕ್ಟರ್ ಮಂದಾಕಿನಿ ಕೊಣ್ಣೂರಳ ಮೇಜಿನ ಎದುರು ನಿಂತುಕೊಂಡ. ಕೂರಲು ಹೇಳಿದರೂ ಕೂರಲಿಲ್ಲ.

"ಬಾಯಾರ, ಕರೆಂಟ್ ಮತ್ತ ಹಚ್ರಿ, ಈ ಸಲ ಸ್ವಲ್ಪ ಜಾಸ್ತಿ. ನನಗ ಅಷ್ಟು ಸಾಲಲಿಲ್ಲ."

"ಯಾಕ, ಏನಾತು? ಕಳದ ತಿಂಗಳು ಎಲ್ಲಾ ಛೊಲೊ ಇತ್ತಲ್ಲ?"

"ನಿಮ್ಮ ಔಷಧಿದು ಏನೂ ತಪ್ಪಿಲ್ರಿ. ನನ್ನ ಮೈಯಿ ದರಿದ್ರ ಮೈಯಿ." ಅವನು ಮತ್ತೆ ಮುಖ ಒರೆಸಿಕೊಂಡ. "ಹೋದ ಮಂಗಳವಾರ ಗಾಡಿ ಕೆಳಗ ಮತ್ತ ನಿದ್ದಿ ಹತ್ತೇತ್ರಿ ನನಗ. ಗೇರ್‌ಬಾಕ್ಸ್ ಹಿಡಕೊಂಡಿದ್ದೆ. ಕೈ ಬಿಟ್ಟೆ. ನಮ್ಮ ಹಜರತನ ಬಲಗೈ ಹೋತ್ರಿ."

ಮಂದಾಕಿನಿಗೆ ಮೊದಲು ಅರ್ಥವಾಗಲಿಲ್ಲ. ಫಕೀರಪ್ಪ ತನ್ನ ಬಲಗೈಯ ಮಣಿಕಟ್ಟಿನ ಮೇಲೆ ಎಡಗೈಯಿಂದ ಗೆರೆ ಎಳೆದು ತೋರಿಸಿದ. ಇಲ್ಲಿಂದ ಕೆಳಗೆ ಇಲ್ಲ, ಎಂದು.

ಹುಬ್ಬಳ್ಳಿಯ ಗಬ್ಬೂರು ಬೈಪಾಸಿನಲ್ಲಿ ಲಾರಿ ಗ್ಯಾರೇಜುಗಳ ಸಾಲೇ ಇದೆ. ಅಲ್ಲಿ ಫಕೀರಪ್ಪ ಕಮ್ಮಾರ ಮತ್ತು ಹಜರತಸಾಬ ನದಾಫ ಎಂಬ ಇಬ್ಬರು ಇಪ್ಪತ್ತೆರಡು ವರ್ಷಗಳಿಂದ ಒಂದೇ ತಗಡಿನ ಚಾವಣಿಯ ಕೆಳಗೆ ದುಡಿದವರು. ಎಂಟು ತಿಂಗಳ ಹಿಂದೆ ಫಕೀರಪ್ಪನನ್ನು ಧಾರವಾಡದ ಈ ಪ್ರಯೋಗಾಲಯಕ್ಕೆ ಕೈ ಹಿಡಿದು ಎಳೆದುಕೊಂಡು ಬಂದವನೇ ಹಜರತಸಾಬ. "ಕುಂತಲ್ಲೆ ನಿದ್ದಿ ಹೊಡೀತಾನ್ರಿ. ನಟ್ ಬಿಚ್ಚಕೋಂತ ಬಿಚ್ಚಕೋಂತ ಗೊರಕಿ ಶುರು. ಒಂದಿನ ಗಾಡಿ ಕೆಳಗ ಸಾಯ್ತಾನ ಇಂವ," ಎಂದು ದೂರಿದ್ದ. ಆಗ ಎಲ್ಲರೂ ನಕ್ಕಿದ್ದರು, ಫಕೀರಪ್ಪನೂ.

ಅವನಿಗಿದ್ದದ್ದು ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಸಡಿಲವಾಗಿ ಹಿಂದಕ್ಕೆ ಜಾರುತ್ತದೆ, ಗಂಟಲ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಬಿದ್ದು ಅರೆ ಎಚ್ಚರಗೊಳಿಸುತ್ತದೆ, ಉಸಿರು ಬರುತ್ತದೆ. ಮತ್ತೆ ನಿದ್ದೆ, ಮತ್ತೆ ಕಟ್ಟು. ಬೆಳಿಗ್ಗೆ ಎದ್ದವನಿಗೆ ಇದಾವುದೂ ನೆನಪಿರುವುದಿಲ್ಲ, ರಾತ್ರಿಯಿಡೀ ಮೂಟೆ ಹೊತ್ತವನ ಸುಸ್ತು ಮಾತ್ರ ಉಳಿದಿರುತ್ತದೆ. ಫಕೀರಪ್ಪನಿಗೆ ಅಂಗಾತ ಮಲಗಿದಾಗ ತಾಸಿಗೆ ಮೂವತ್ತೆಂಟು ಸಲ ಉಸಿರು ನಿಲ್ಲುತ್ತಿತ್ತು. ಮಗ್ಗುಲಾದರೆ ನಾಲ್ಕೇ ಸಲ. ಅಂದರೆ ರೋಗ ಇದ್ದದ್ದು ಅವನು ಮಲಗುವ ಭಂಗಿಯಲ್ಲಿ.

ಇಂಥವರಿಗಾಗಿ ಹಿಂದಿನಿಂದಲೂ ಉಪಾಯಗಳಿದ್ದವು. ಅಂಗಿಯ ಬೆನ್ನಿಗೆ ಚೆಂಡು ಕಟ್ಟಿ ಮಲಗುವುದು, ಎದೆಗೆ ನಡುಗುವ ಪಟ್ಟಿ ಬಿಗಿಯುವುದು, ಮೂಗಿಗೆ ಗಾಳಿಯ ಮುಖವಾಡ ಹಾಕುವುದು. ಎಲ್ಲವೂ ಕೆಲಸ ಮಾಡುತ್ತಿದ್ದವು, ಆದರೆ ಜನ ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಅಟ್ಟಕ್ಕೆ ಎಸೆಯುತ್ತಿದ್ದರು. ಮಂದಾಕಿನಿ ಒಂದು ಪ್ರಶ್ನೆ ಕೇಳಿಕೊಂಡಳು. ಈಜು ಕಲಿತ ಮೈ ಅದನ್ನು ಮರೆಯುವುದಿಲ್ಲ. ಹಾಗೆಯೇ, ನಿದ್ದೆಯಲ್ಲಿರುವ ಮೈಗೆ ಮಗ್ಗುಲಾಗುವುದನ್ನು ಕಲಿಸಿಬಿಟ್ಟರೆ?

ಕಿವಿಯೊಳಗೆ ಮೈಯ ಸಮತೋಲ ಕಾಯುವ ಒಂದು ಪುಟ್ಟ ಅಂಗವಿದೆ. ಕಿವಿಯ ಹಿಂದೆ ಅಂಟಿಸಿದ ಒಂದು ಬಿಲ್ಲೆ ಆ ಅಂಗಕ್ಕೆ ಇರುವೆ ಕಚ್ಚಿದಷ್ಟೂ ಅರಿವಾಗದ ವಿದ್ಯುತ್ತು ಹಾಯಿಸುತ್ತದೆ. ಮಲಗಿದವನಿಗೆ ಹಾಸಿಗೆ ಬಲಕ್ಕೆ ವಾಲಿದಂತೆ ಭ್ರಮೆಯಾಗಿ, ಎಚ್ಚರವಾಗದೆಯೇ ಮೈ ಎಡಕ್ಕೆ ಹೊರಳುತ್ತದೆ. ಮಂದಾಕಿನಿಯ ಹೆಮ್ಮೆ ಇದ್ದದ್ದು ಇದರ ಹದದಲ್ಲಿ. ಬಿಲ್ಲೆ ಸುಮ್ಮಸುಮ್ಮನೆ ಹೊರಳಿಸುತ್ತಿರಲಿಲ್ಲ. ಅಂಗಾತ ಇದ್ದು, ಉಸಿರೂ ಆರು ಸೆಕೆಂಡು ನಿಂತರೆ ಮಾತ್ರ. ಮೂರು ತಿಂಗಳಲ್ಲಿ ಮೈ ಪಾಠ ಕಲಿತುಬಿಡುತ್ತಿತ್ತು. ಆಮೇಲೆ ವಿದ್ಯುತ್ತು ಬೇಕಿರಲಿಲ್ಲ. ಉಸಿರು, ಭಂಗಿ, ಮೆದುಳಿನ ಅಲೆಗಳ ದಾಖಲೆಗಾಗಿ ಮಾತ್ರ ಬಿಲ್ಲೆ ಇನ್ನೂ ಆರು ತಿಂಗಳು ಹಗಲೂ ರಾತ್ರಿ ಕಿವಿಯ ಹಿಂದೆ ಉಳಿಯುತ್ತಿತ್ತು. ನಾನೂರ ಹನ್ನೆರಡು ಜನ ಪ್ರಯೋಗಕ್ಕೆ ಸೇರಿದ್ದರು. ಹೆಚ್ಚಿನವರು ಹತ್ತಾರು ವರ್ಷಗಳ ನಂತರ ಮೊದಲ ಸಲ ನಿದ್ದೆ ಎಂದರೇನು ಎಂದು ಕಂಡಿದ್ದರು. ಫಕೀರಪ್ಪ ಪಾಠ ಮುಗಿದ ದಿನ ಒಂದು ಪುಟ್ಟಿ ಪೇರಲ ತಂದಿಟ್ಟು, ಮಂದಾಕಿನಿಯ ಕಾಲು ಮುಟ್ಟಲು ಬಾಗಿದ್ದ.

ಈಗ ಅದೇ ಮನುಷ್ಯ ತಲೆ ಬಗ್ಗಿಸಿ ನಿಂತಿದ್ದ.

"ಆಗಿರಬಹುದು, ಫಕೀರಪ್ಪಾರ. ದಣಿವಿನಾಗ ಒಮ್ಮೊಮ್ಮೆ ಜೋಂಪು ಹತ್ತತದ," ಎಂದಳು ಮಂದಾಕಿನಿ. ಇನ್ನೂ ಏನನ್ನೂ ನೋಡಿರಲಿಲ್ಲ. ಅವನ ದುಃಖ ಕಂಡು ಬಾಯಿಗೆ ಬಂದ ಸಮಾಧಾನ ಅದು. "ಬಿಲ್ಲೆ ಕೊಟ್ಟು ಹೋಗ್ರಿ. ದಾಖಲೆ ನೋಡಿ ಹೇಳ್ತೀನಿ."

ದಾಖಲೆ ತೆಗೆದವಳು ನಿವೇದಿತಾ. ಅಂಕಿಅಂಶ ನೋಡಿಕೊಳ್ಳುತ್ತಿದ್ದ ಈ ಹುಡುಗಿಯದು ಮಾತು ಕಡಿಮೆ. ಮಂಗಳವಾರ ಮಧ್ಯಾಹ್ನದ ಗೆರೆಗಳನ್ನು ಪರದೆಯ ಮೇಲೆ ಹರಡಿ, ಕುರ್ಚಿ ಪಕ್ಕಕ್ಕೆ ಸರಿಸಿ ಮಂದಾಕಿನಿಗೆ ಜಾಗ ಬಿಟ್ಟಳು.

ಮೂರು ಗಂಟೆ ಹನ್ನೆರಡು ನಿಮಿಷ. ಅಂಗಾತ. ಮೆದುಳಿನ ಅಲೆ ನೂರಕ್ಕೆ ನೂರು ಎಚ್ಚರದ್ದು. ನಿದ್ದೆಯ ನೆರಳೂ ಇರಲಿಲ್ಲ. ಉಸಿರಿನ ಗೆರೆ ಮಾತ್ರ ಒಂದೆಡೆ ದಾರದಂತೆ ಸಪಾಟಾಗಿತ್ತು. ಒಂದು, ಎರಡು, ಮೂರು... ಆರು ಸೆಕೆಂಡು. ಆಮೇಲೆ ತಲೆ, ಹೆಗಲು, ನಡು ಒಟ್ಟಿಗೇ ಎಡಕ್ಕೆ.

"ಉಸಿರು ಬಿಗಿ ಹಿಡದಾರ್ರಿ ಮೇಡಂ. ಭಾರ ಹಿಡದಿದ್ರಲ್ಲ," ಎಂದಳು ನಿವೇದಿತಾ.

ಮಂದಾಕಿನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ನಾಜೂಕಿನ ಕೆಲಸದಲ್ಲಿ ಯಾರೇ ಆದರೂ ಉಸಿರು ಬಿಗಿಹಿಡಿಯುತ್ತಾರೆ. ಲಾರಿಯ ಕೆಳಗೆ ಅಂಗಾತ ಮಲಗಿ, ಜಾಕಿನ ಮೇಲೆ ಕುಳಿತ ಗೇರ್‌ಬಾಕ್ಸನ್ನು ಎರಡೂ ಕೈಯಿಂದ ತಡೆದಿದ್ದ ಫಕೀರಪ್ಪನೂ ಉಸಿರು ಹಿಡಿದಿದ್ದ. ಮೈ ತಾನು ಕಲಿತ ಪಾಠ ಒಪ್ಪಿಸಿತ್ತು. ಅಂಗಾತ, ಆರು ಸೆಕೆಂಡು, ಎಡಕ್ಕೆ. ಅವನ ಬಲಗಡೆ ಹಜರತಸಾಬನಿದ್ದ. ಹಿಡಿತ ತಪ್ಪಿದ ಗೇರ್‌ಬಾಕ್ಸ್ ಜಾಕಿನಿಂದ ಜಾರಿ ಬಿದ್ದದ್ದು ಬಲಕ್ಕೆ.

"ಇದು ಹೊಸಾದಲ್ರಿ," ಎಂದಳು ನಿವೇದಿತಾ, ಪರದೆಯಿಂದ ಕಣ್ಣು ಕೀಳದೆ. "ಹಗಲಿನ ತಿರುವು ಅಂತ ಪಟ್ಟಿ ಮಾಡಿ ತಂದಿದ್ದೆ. ಹದಿನೇಳು ಜನಕ್ಕ ಆಗಿತ್ತು. ನೀವು..."

"ನಾನು ಬಿಡು ಅಂದಿದ್ದೆ."

"ಹೌದ್ರಿ."

ಅಂದು ಹೇಳಿದ ಮಾತು ಮಂದಾಕಿನಿಗೆ ಅಕ್ಷರಶಃ ನೆನಪಿತ್ತು. 'ನಮ್ಮ ಪ್ರಶ್ನೆ ನಿದ್ದಿದು, ಎಚ್ಚರದ್ದಲ್ಲ.' ಪ್ರಕಟಿಸಿದ ಲೇಖನದ ಒಂಬತ್ತನೇ ಪುಟದಲ್ಲಿ ಅದನ್ನೇ ಸಭ್ಯವಾಗಿ ಬರೆದಿದ್ದಳು: ಎಚ್ಚರದ ಅವಧಿಯ ಚಲನೆಗಳನ್ನು ಪರಿಗಣಿಸಿಲ್ಲ.

ಆ ಸಂಜೆ ಮನೆಗೆ ಬಂದಾಗ ಗಂಡ ಗುರುನಾಥ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಐವತ್ತೆರಡರ ವಯಸ್ಸು. ಬಿಲ್ಲೆಯನ್ನು ಎಲ್ಲರಿಗಿಂತ ಮೊದಲು ಕಿವಿಗೆ ಅಂಟಿಸಿಕೊಂಡವನೂ ಅವನೇ. ಮಂದಾಕಿನಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಚಪ್ಪಲಿ ಬಿಡುವುದನ್ನೂ ಮರೆತು, ಆದದ್ದನ್ನೆಲ್ಲ ಹೇಳಿದಳು.

ಗುರುನಾಥ ಒಲೆ ಆರಿಸಿದ. ಆಮೇಲೆ, "ಶ್ರಾವಣದಾಗ ನನಗೂ ಆಗಿತ್ತಲ್ಲ, ಸಲೂನಿನ್ಯಾಗ," ಎಂದ.

ಆಗಿತ್ತು. ಕುರ್ಚಿ ಹಿಂದಕ್ಕೆ ಬಾಗಿಸಿ ಮಲಗಿಸಿದ್ದ ಕ್ಷೌರಿಕ ಗಂಟಲ ಹತ್ತಿರ ಕತ್ತಿ ತಂದಾಗ ಗುರುನಾಥ ಉಸಿರು ಹಿಡಿದಿದ್ದ. ಸಾಬೂನು ನೊರೆಯ ಸಮೇತ ಥಟ್ಟನೆ ಎಡಕ್ಕೆ ಹೊರಳಿದ್ದ. ಗಲ್ಲದ ಮೇಲೆ ಒಂದು ಗೆರೆ ರಕ್ತ. ಹತ್ತಿ ಒತ್ತಿಕೊಂಡು ಮನೆಗೆ ಬಂದವನನ್ನು ನೋಡಿ ಮಂದಾಕಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. 'ನನ್ನ ವಿದ್ಯಾರ್ಥಿ ಭಾಳ ಹುಷಾರಿದ್ದಾನ,' ಎಂದಿದ್ದಳು. ಫಕೀರಪ್ಪನ ಗೇರ್‌ಬಾಕ್ಸ್ ಬೀಳಲು ಆಗ ಇನ್ನೂ ಎರಡೂವರೆ ತಿಂಗಳು ಇತ್ತು.

"ನಾಳೆನ ಪ್ರಯೋಗ ನಿಲ್ಲಸಬೇಕು," ಎಂದಳು.

ಗುರುನಾಥ ಕೂಡಲೇ ಹೌದು ಎನ್ನಲಿಲ್ಲ. "ನಿಲ್ಲಿಸಿದ್ರ ಕಲಿಸಿದ್ದನ್ನ ಅಳಸಬೇಕಾಗತದ. ಅಲ್ಲೇನು?"

"ಹೌದು."

"ಮಂದಾ, ನಾ ಇಪ್ಪತ್ತು ವರ್ಷದಾಗ ಹಿಂಗ ಮಲಗಿದ್ದಿಲ್ಲ. ಬಿ.ಪಿ. ಗುಳಿಗಿ ಅರ್ಧಕ್ಕ ಇಳದದ. ನಾನೂರು ಮನಿಯೊಳಗ ಹಿಂಗ ಆರಾಮ ಮಲಗಿರತಾರ." ಅವನ ದನಿ ತಗ್ಗಿತು. "ಬ್ಯಾಡ ಅನ್ನವಲ್ಲೆ. ಸ್ವಲ್ಪ ವಿಚಾರ ಮಾಡು ಅಂತೀನಿ. ಗಾಡಿ ಕೆಳಗ ಮಲಗಬ್ಯಾಡ್ರಿ ಅಂತ ಒಂದು ಸೂಚನಾ ಕಳಿಸಿದ್ರ ಸಾಲೂದಿಲ್ಲೇನು?"

ಮಂದಾಕಿನಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ಮಾತು. ಅದಕ್ಕೆ ಜೋತುಬಿದ್ದಳು. ಮರುದಿನ ನಾನೂರ ಹನ್ನೆರಡು ಫೋನುಗಳಿಗೆ ಒಂದು ಸಂದೇಶ ಹೋಯಿತು: ಅಂಗಾತ ಮಲಗಿ ಮಾಡುವ ಭಾರದ ಕೆಲಸಗಳನ್ನು ಸದ್ಯಕ್ಕೆ ತಪ್ಪಿಸಿ. ಏಕೆ ಎಂದು ಬರೆದಿರಲಿಲ್ಲ. ಪ್ರಯೋಗಗಳ ಮೇಲೆ ಕಣ್ಣಿಡುವ ನೈತಿಕ ಸಮಿತಿಯ ಸಭೆ ಮುಂದಿನ ತಿಂಗಳಿತ್ತು, ಅಲ್ಲಿ ಎಲ್ಲ ಹೇಳಿದರಾಯಿತು ಎಂದುಕೊಂಡಳು. ಆ ಸಭೆ ಮುಂದಕ್ಕೆ ಹೋಯಿತು. ಹೋದದ್ದಕ್ಕೆ ತನಗೆ ಹಗುರವೆನಿಸಿತೆಂದು ಗೊತ್ತಾದ ಗಳಿಗೆಯಲ್ಲಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಸುಮ್ಮನಿದ್ದಳು.

ಫಕೀರಪ್ಪ ಪ್ರತಿ ಗುರುವಾರ ಬರತೊಡಗಿದ. ಮೊದಲ ವಾರ, ಕರೆಂಟು ಹೆಚ್ಚು ಮಾಡಿ ಎಂದ. ಎರಡನೇ ವಾರ, ಎರಡೂ ಕಿವಿಗೆ ಬಿಲ್ಲೆ ಹಾಕಿ ಎಂದ. ಮೂರನೇ ವಾರ ಏನೂ ಕೇಳಲಿಲ್ಲ. ಹಾಸಿಗೆಯ ಮೇಲೆ ಮಲಗುವುದನ್ನೇ ಬಿಟ್ಟಿರುವುದಾಗಿ ಹೇಳಿದ. "ಕುರ್ಚಿ ಮ್ಯಾಲ ಕುಂತ ಬೆಳಗ ಮಾಡತೇನ್ರಿ. ನಿದ್ದಿಯಿಂದ ಇಷ್ಟೆಲ್ಲಾ ಆದ ಮ್ಯಾಲ ನಿದ್ದಿ ಯಾಕ ಬೇಕ್ರಿ ನನಗ?" ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಗ್ಯಾರೇಜಿಗೆ ಹೋಗುತ್ತಿದ್ದ, ಆದರೆ ಗಾಡಿ ಮುಟ್ಟುತ್ತಿರಲಿಲ್ಲವಂತೆ. ಮಧ್ಯಾಹ್ನವಾದರೆ ಹಜರತಸಾಬನ ಮನೆಗೆ ಹೋಗಿ ಅವನಿಗೆ ರೊಟ್ಟಿ ಮುರಿದು ಕೊಟ್ಟು ಬರುತ್ತಿದ್ದ.

ಪ್ರತಿ ಸಲವೂ ಮಂದಾಕಿನಿಯ ನಾಲಿಗೆಯ ತುದಿಯವರೆಗೆ ಮಾತು ಬರುತ್ತಿತ್ತು. ಪ್ರತಿ ಸಲವೂ, "ಹೀಂಗ ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ಬೇರೆ ಏನೋ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಿವೇದಿತಾಳ ಕೀಲಿಮಣೆಯ ಸದ್ದು ಆ ಹೊತ್ತಿಗೆ ನಿಂತಿರುತ್ತಿತ್ತು.

ಆರನೇ ವಾರ ಫಕೀರಪ್ಪ ಬಂದು, ಮೊದಲ ಸಲ, ಹೇಳದೆಯೇ ಕುರ್ಚಿಯಲ್ಲಿ ಕುಳಿತ.

"ಬಾಯಾರ, ಒಂದು ಚೀಟಿ ಬೇಕಾಗಿತ್ರಿ."

"ಎಂಥಾ ಚೀಟಿ?"

"ಅವತ್ತು ನನಗ ನಿದ್ದಿ ಹತ್ತಿತ್ತು ಅಂತ. ನೀವು ಡಾಕ್ಟರ್ ಅದೀರಿ, ನಿಮ್ಮ ಕಡೆ ಮಶಿನ್ ಐತಿ. ನಿದ್ದಿ ಹತ್ತಿತ್ತು, ಬೇಕಂತ ಮಾಡಿಲ್ಲ ಅಂತ ಬರದ ಸಹಿ ಮಾಡಿ ಕೊಡ್ರಿ."

"ಯಾರಿಗೆ ತೋರಸಬೇಕು?"

"ಹಜರತಗ." ಫಕೀರಪ್ಪ ವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ. "ಅಂವ ನನ್ನ ನಂಬವಲ್ಲರಿ. ಬಾಯಿ ಬಿಟ್ಟು ಅಂದಿಲ್ಲ. ಆದ್ರ ನಿದ್ದಿ ಅಂದ ಕೂಡ್ಲೆ ಮಾರಿ ಆ ಕಡೆ ತಿರಗಸ್ತಾನ. ಇಪ್ಪತ್ತೆರಡು ವರ್ಷ ಆತ್ರಿ, ಅಂವ ನನ್ನ ಮುಂದ ಹಂಗ ಮಾರಿ ತಿರಗಿಸಿದ್ದಿಲ್ಲ."

ಮಂದಾಕಿನಿ ಕಾಗದ ತೆಗೆದುಕೊಂಡಳು. ದಿನಾಂಕ ಬರೆದಳು. ಫಕೀರಪ್ಪನ ಪೂರ್ತಿ ಹೆಸರು ಬರೆದಳು. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ತಾನು ಅಂದು ಬಾಯಿಮಾತಿಗೆ ಹೇಳಿದ ಸುಳ್ಳು ಈಗ ಸಹಿ ಕೇಳುತ್ತಿತ್ತು. ಎದುರಿಗೆ ಕುಳಿತವನು ತಾನು ಮಾಡದ ತಪ್ಪಿಗೆ ಸಾಕ್ಷಿಪತ್ರ ಬೇಡುತ್ತಿದ್ದ, ಅದೂ ಆ ತಪ್ಪು ಮಾಡಿದವಳ ಹತ್ತಿರವೇ.

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಚೀಟಿ ಬ್ಯಾಡ. ನಾನ ಬರ್ತೀನಿ. ನಡೀರಿ, ಈಗ ಹೋಗೋಣು," ಎಂದಳು.

ಹಜರತಸಾಬನ ಮನೆ ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟು ಓಣಿಯಲ್ಲಿತ್ತು. ಹೊರಗೆ ಬಿಸಿಲಿಗೆ ಸಂಡಿಗೆ ಹಾಕಿದ್ದರು. ಹಜರತಸಾಬ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ತೆಳ್ಳಗಿನ ಆಳು, ಗಡ್ಡ ಅರ್ಧ ನೆರೆತಿತ್ತು. ಬಲಗೈಯ ತುದಿಗೆ ಬಿಳಿ ಬಟ್ಟೆ ಸುತ್ತಿತ್ತು. ಮಂದಾಕಿನಿಯನ್ನು ಕಂಡು ಎದ್ದು ನಿಲ್ಲಲು ಹೋದ, ಅವಳು ಬೇಡವೆಂದಳು. ಅವನ ಹೆಂಡತಿ ಖಾತೂನಬಿ ಕುರ್ಚಿ ಒರೆಸಿ ಕೊಟ್ಟಳು. ಫಕೀರಪ್ಪನಿಗೆ ಏನೂ ಅನ್ನಲಿಲ್ಲ. ಅವನು ಎಂದಿನಂತೆ ಹೊಸ್ತಿಲ ಹತ್ತಿರ ನೆಲದ ಮೇಲೆ ಕುಳಿತ.

ಬರುವ ದಾರಿಯಲ್ಲಿ ಮಂದಾಕಿನಿ ಮಾತು ಜೋಡಿಸಿಕೊಂಡಿದ್ದಳು. ಕುಳಿತ ಮೇಲೆ ಅವೆಲ್ಲ ಚೆದುರಿಹೋದವು.

"ಹಜರತಸಾಬ್‌ರ, ಅವತ್ತು ಫಕೀರಪ್ಪಾರಿಗೆ ನಿದ್ದಿ ಹತ್ತಿದ್ದಿಲ್ಲ," ಎಂದುಬಿಟ್ಟಳು.

ಫಕೀರಪ್ಪ ತಟ್ಟನೆ ತಲೆ ಎತ್ತಿದ. ಹಜರತಸಾಬ ಮಾತ್ರ ಅಲುಗಲಿಲ್ಲ.

"ಅದು ನನಗ ಗೊತ್ತೈತ್ರಿ," ಎಂದ ಮೆಲ್ಲಗೆ. "ಅಂವನ ಕಣ್ಣು ತೆರದಿದ್ವು. ನನ್ನ ಕಡೆನ ನೋಡಾಕ ಹತ್ತಿದ್ದ. ನೋಡಕೋಂತ ನೋಡಕೋಂತ ಆ ಕಡೆ ಸರದ." ಆರು ವಾರ ಒಳಗೇ ಇಟ್ಟುಕೊಂಡ ಮಾತು ಈಗ ತಡೆಯಿಲ್ಲದೆ ಬಂತು. "ಬಾಕ್ಸ್ ಜಾರೂದು ಕಂಡಿರಬೇಕು. ಜೀವದ ಅಂಜಿಕಿ, ಯಾರಿಗರ ಆಗತೈತಿ. ನನ್ನ ಬಿಟ್ಟು ತಾ ಪಾರಾದ. ಆಗಲಿ ಬಿಡ್ರಿ. ಖರೇ ಹೇಳಿದ್ರ ನಾ ಮಾಫ್ ಮಾಡತಿದ್ದೆ. ದಿನಾ ಬಂದು ರೊಟ್ಟಿ ಮುರದ ಕೊಟಗೋಂತ, ನಿದ್ದಿ ಹತ್ತಿತ್ತು ನಿದ್ದಿ ಹತ್ತಿತ್ತು ಅಂತ ಸುಳ್ಳು ಹೇಳ್ತಾನಲ್ರಿ, ಅದು ನನಗ ಈ ಕೈಗಿಂತ ಜಾಸ್ತಿ ಉರೀತೈತಿ."

"ಹಜರತಾ!" ಫಕೀರಪ್ಪನ ದನಿ ಒಡೆಯಿತು. "ಲೇ, ನಾ ಸರದಿಲ್ಲೋ. ನಿನ್ನ ಬಿಟ್ಟು ಸರದೇನೇನೋ ನಾ? ನನಗ ಏನೂ ಗೊತ್ತ ಆಗಲಿಲ್ಲೋ. ಗೊತ್ತ ಆಗಲಿಲ್ಲ ಅಂದ್ರ ನಿದ್ದಿನ ಅಲ್ಲೇನು ಮತ್ತ?"

"ಅಲ್ಲ," ಎಂದಳು ಮಂದಾಕಿನಿ. "ನಾನು ಹೇಳ್ತೀನಿ. ಇಬ್ರೂ ಕೇಳ್ರಿ."

ಹೇಳಿದಳು. ಬಿಲ್ಲೆ ಏನು ಕಲಿಸುತ್ತದೆ ಎಂಬುದನ್ನು, ಉಸಿರು ಹಿಡಿದಾಗ ಮೈಗೆ ಅದು ರೋಗವೋ ಕೆಲಸವೋ ತಿಳಿಯುವುದಿಲ್ಲ ಎಂಬುದನ್ನು, ಬಿಸಿ ತಗುಲಿದ ಕೈ ತಾನಾಗಿ ಹಿಂದಕ್ಕೆ ಬರುವಂತೆ ಅವನ ಮೈ ಎಡಕ್ಕೆ ಹೋಯಿತು ಎಂಬುದನ್ನು. ಚೀಲದಿಂದ ದಾಖಲೆಯ ಹಾಳೆ ತೆಗೆದು ಮಂಚದ ಮೇಲಿಟ್ಟು, ಸಪಾಟಾದ ಆರು ಸೆಕೆಂಡುಗಳ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಅವರು ನಿಮ್ಮ ಸಲುವಾಗೇ ಉಸಿರು ಬಿಗಿ ಹಿಡಿದಾರ, ಭಾರ ತಪ್ಪಬಾರದು ಅಂತ. ತಿರುಗಿದ್ದು ಅವರಲ್ಲ. ನಾ ಕಲಿಸಿದ್ದು ತಿರುಗಿಸ್ತು."

ಹಜರತಸಾಬ ಹಾಳೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದ. ಗೆರೆಗಳಲ್ಲಿ ಅವನಿಗೆ ಏನು ತಿಳಿಯಿತೋ. ಕೊನೆಗೆ ಹಾಳೆ ಕೆಳಗಿಟ್ಟು ಹೊಸ್ತಿಲ ಕಡೆ ನೋಡಿದ. ಫಕೀರಪ್ಪ ಎರಡೂ ಮೊಣಕಾಲ ನಡುವೆ ಮುಖ ಹುದುಗಿಸಿ ಅಳುತ್ತಿದ್ದ, ದೊಡ್ಡ ಮೈ ಗದಗದ ನಡುಗುತ್ತಿತ್ತು.

"ಮ್ಯಾಲ ಬಾ. ಅಲ್ಲಿ ಯಾಕ ಕುಂತಿ? ಮ್ಯಾಲ ಬಂದು ಕುಂದರ," ಎಂದ ಹಜರತಸಾಬ.

ಫಕೀರಪ್ಪ ಎದ್ದು ಬಂದು ಮಂಚದ ತುದಿಗೆ ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಜರತಸಾಬ ತನ್ನ ಎಡಗೈಯನ್ನು ಅವನ ಬೆನ್ನ ಮೇಲಿಟ್ಟ.

ಕೆಲಸ ಮುಗಿಯಿತು ಎಂದು ಮಂದಾಕಿನಿಗೆ ಒಂದು ಕ್ಷಣ ಅನಿಸಿತು. ಆಗ ಒಳಬಾಗಿಲಲ್ಲಿ ನಿಂತಿದ್ದ ಖಾತೂನಬಿ ಕೇಳಿದಳು.

"ನಿಮಗ ಇದು ಯಾವಾಗ ಗೊತ್ತಾತ್ರಿ?"

ಇದಕ್ಕೆ ಹಲವು ಉತ್ತರಗಳಿದ್ದವು, ಯಾವುದೂ ಪೂರ್ತಿ ಸುಳ್ಳಲ್ಲ. ಈಚೆಗೆ ಎನ್ನಬಹುದಿತ್ತು. ಪರೀಕ್ಷೆ ಮಾಡಿದ ಮೇಲೆ ಎನ್ನಬಹುದಿತ್ತು. ಆರು ವಾರದ ಹಿಂದೆ ಎಂದರೂ ಅರ್ಧ ನಿಜವಾಗುತ್ತಿತ್ತು. ಖಾತೂನಬಿಯ ಕಣ್ಣು ಮಂದಾಕಿನಿಯ ಮುಖದಿಂದ ಕದಲಲಿಲ್ಲ.

"ಇದು ಆಗೂಕಿಂತ ಮೊದಲ," ಎಂದಳು ಮಂದಾಕಿನಿ. "ನನ್ನ ಗಂಡಗ ಆಗಿತ್ತು, ಸಲೂನಿನ್ಯಾಗ. ಹದಿನೇಳು ಮಂದಿಗೆ ಆಗಿತ್ತು ಅಂತ ನಮ್ಮ ಹುಡುಗಿ ಪಟ್ಟಿ ಕೊಟ್ಟಿದ್ದಳು. ನಾನು ಲೆಕ್ಕಕ್ಕ ಹಿಡೀಲಿಲ್ಲ. ಇವರದು ಗೊತ್ತಾಗಿ ಆರು ವಾರ ಆತು. ಹೇಳಲಿಲ್ಲ."

ಫಕೀರಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ ವಸ್ತ್ರವನ್ನು ಇಳಿಸಿದ. ಪೇರಲದ ಪುಟ್ಟಿ ತಂದಿಟ್ಟ ದಿನ ಈ ಹೆಂಗಸನ್ನು ಅವನು ದೇವರೆಂದು ನೋಡಿದ್ದ. ಈಗ ಅವಳನ್ನು ಮನುಷ್ಯಳಂತೆ ನೋಡಿದ. ಅದನ್ನು ಮಂದಾಕಿನಿಗೆ ಸಹಿಸಲಾಗಲಿಲ್ಲ.

"ನಾ ಆರು ಗುರುವಾರ ಬಂದೇನ್ರೀ," ಎಂದ ಅವನು, ಅಷ್ಟೇ.

ಖಾತೂನಬಿ ಒಳಗೆ ಹೋದಳು. ಚಹಕ್ಕೆ ಇಟ್ಟ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಅವಳು ಒಲೆ ಆರಿಸಿದ ಸದ್ದೂ ಕೇಳಿಸಿತು. ಚಹ ಬರಲಿಲ್ಲ. ಹಜರತಸಾಬನೇ ಮಾತಾಡಿದ.

"ಬರದ ಕೊಡ್ರಿ. ಇಂಗ್ಲಿಷಿನ್ಯಾಗ ಬ್ಯಾಡ. ಕನ್ನಡದಾಗ ಬರೀರಿ. ಏನಾತು, ಯಾಕ ಆತು, ನಿಮಗ ಯಾವಾಗ ಗೊತ್ತಾತು. ಬೈಪಾಸಿನ್ಯಾಗ ಇನ್ನೂ ನಾಕ್ ಮಂದಿ ಮೇಸ್ತ್ರಿ ಅದಾರ, ಈ ಬಿಲ್ಲೆ ಹಚಗೊಂಡಾವರು. ಅವರಿಗೆ ನಾ ಓದಿ ಹೇಳತೇನಿ."

ಮಡಚಿಟ್ಟಿದ್ದ ಕಾಗದವನ್ನು ಮಂದಾಕಿನಿ ಬಿಚ್ಚಿದಳು. ದಿನಾಂಕವೂ ಫಕೀರಪ್ಪನ ಹೆಸರೂ ಮೊದಲೇ ಇದ್ದವು. ಮೊಣಕಾಲ ಮೇಲೆ ಇಟ್ಟುಕೊಂಡು ಎರಡೂ ಬದಿ ತುಂಬ ಬರೆದಳು. ಸಹಿ ಮಾಡಿದಳು.

ಮುಂದಿನದು ಬೇಗ ಬೇಗ ನಡೆಯಿತು. ಆ ಕಾಗದದ ಪ್ರತಿ ನೈತಿಕ ಸಮಿತಿಗೂ ಹೋಯಿತು, ಪ್ರಯೋಗ ನಿಂತಿತು. ವಿಚಾರಣೆಯಲ್ಲಿ ಮಂದಾಕಿನಿ ಏನನ್ನೂ ಅಲ್ಲಗಳೆಯಲಿಲ್ಲ. ಮುಖ್ಯಸ್ಥೆಯ ಹುದ್ದೆಯಿಂದ ಇಳಿಸಿದರು. ಪ್ರಕಟವಾಗಿದ್ದ ಲೇಖನವನ್ನು ಅವಳೇ ಹಿಂತೆಗೆದುಕೊಂಡಳು. ಹಜರತಸಾಬನ ಚಿಕಿತ್ಸೆ ಮತ್ತು ಕೃತಕ ಕೈಯ ಖರ್ಚನ್ನು ಸಂಸ್ಥೆ ವಹಿಸಿಕೊಂಡಿತು. ಕಲಿಸಿದ್ದನ್ನು ಅಳಿಸುವ ಕೆಲಸ ಮಾತ್ರ ಅವಳಿಗೇ ಬಿತ್ತು. ಅದರ ಮೇಲ್ವಿಚಾರಣೆ ನಿವೇದಿತಾಳದು.

ಎಲ್ಲರೂ ಒಪ್ಪಲಿಲ್ಲ. ಕೆಲವರು ಫೋನು ಮಾಡಿ ಬೈದರು. 'ಈಗರ ಜೀವಕ್ಕ ಸುಖಾ ಆಗೇದ, ಅದನ್ನೂ ಕಸಗೋತೀರೇನು,' ಎಂದರು. ಗುರುನಾಥ ಬೈಯಲಿಲ್ಲ. ಒಂದು ಬೆಳಿಗ್ಗೆ ಅವಳ ಜೊತೆಗೇ ಪ್ರಯೋಗಾಲಯಕ್ಕೆ ಬಂದು, ಅಂಗಿಯ ಗುಂಡಿ ಬಿಚ್ಚಿ, ಹಾಸಿಗೆಯ ಮೇಲೆ ಅಂಗಾತ ಮಲಗಿದ. ಆ ವಾರ ಮನೆಗೆ ಗಾಳಿಯ ಮುಖವಾಡ ಬಂತು. ಮದುವೆಯಾದ ಇಪ್ಪತ್ತಾರು ವರ್ಷಕ್ಕೆ ಅವನ ಮುಖ ಕಾಣದ ರಾತ್ರಿಗಳು ಶುರುವಾದವು.

ಅಳಿಸುವುದು ಕಲಿಸುವುದಕ್ಕಿಂತ ನಿಧಾನ. ಹಗಲಿನಲ್ಲಿ ಅಂಗಾತ ಮಲಗಿಸಿ, ಉಸಿರು ಹಿಡಿಯಲು ಹೇಳಿ, ಮೈ ಎಡಕ್ಕೆ ಎದ್ದಾಗ ಬಿಲ್ಲೆಯಿಂದ ಉಲ್ಟಾ ವಿದ್ಯುತ್ತು ಕೊಟ್ಟು ತಡೆಯಬೇಕು. ಹೆಗಲ ಮೇಲೆ ಒಬ್ಬರು ಕೈಯಿಟ್ಟು ಒತ್ತಿದರೆ ಬೇಗ ಮರೆಯುತ್ತದೆ. ಫಕೀರಪ್ಪನ ಹೆಗಲ ಮೇಲೆ ಕೈಯಿಡಲು ಹಜರತಸಾಬ ಬರುತ್ತಿದ್ದ. ಗ್ಯಾರೇಜಿನಲ್ಲಿ ಈಗ ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದರಂತೆ. ಹಜರತಸಾಬ ಹೊರಗೆ ಕುರ್ಚಿ ಹಾಕಿಕೊಂಡು ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದನಂತೆ. ಮಂದಾಕಿನಿಯೊಡನೆ ಅವನು ಬೇಕಾದಷ್ಟೇ ಮಾತಾಡುತ್ತಿದ್ದ.

ನಾಲ್ಕನೇ ತಿಂಗಳಲ್ಲಿ ಕೊನೆಯ ಪರೀಕ್ಷೆ ಬಂತು. ಊಟವಾದ ಮೇಲೆ ಫಕೀರಪ್ಪನನ್ನು ಅಂಗಾತ ಮಲಗಿಸಿ ನಿಜವಾದ ನಿದ್ದೆಗೆ ಬಿಟ್ಟರು. ಹಜರತಸಾಬ ಪಕ್ಕದಲ್ಲಿ ಕುಳಿತಿದ್ದ, ಈ ಸಲ ಕೈಯಿಡುವಂತಿರಲಿಲ್ಲ. ಗಾಜಿನ ಆಚೆ ಮಂದಾಕಿನಿ ಮತ್ತು ನಿವೇದಿತಾ. ಕಾಲು ಗಂಟೆಯಲ್ಲಿ ಗೊರಕೆ ಎದ್ದಿತು, ಮರಕ್ಕೆ ಗರಗಸ ಹಾಕಿದಂತೆ. ಆಮೇಲೆ ಗೊರಕೆ ನಡುವೆಯೇ ತುಂಡಾಯಿತು. ಪರದೆಯ ಮೇಲೆ ಗೆರೆ ಸಪಾಟಾಯಿತು.

ನಾಲ್ಕು. ಐದು. ಆರು. ಏಳು.

ಮೈ ತಿರುಗಲಿಲ್ಲ.

"ಅಳಸಿ ಹೋಗೇತ್ರಿ, ಮೇಡಂ," ಎಂದಳು ನಿವೇದಿತಾ, ಉಸಿರು ಬಿಟ್ಟು.

ಹನ್ನೆರಡು. ಹದಿನೈದು. ಒಳಗೆ ಹಜರತಸಾಬ ಎದ್ದು ನಿಂತಿದ್ದ. ಫಕೀರಪ್ಪನ ಎದೆ ಏಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಕಪ್ಪಿಗೆ ತಿರುಗುತ್ತಿತ್ತು. ಹಜರತಸಾಬ ಗಾಜಿಗೆ ಬಡಿದ. "ಬಾಯಾರ! ಉಸರ ನಿಂತೈತ್ರಿ ಅಂವಂದು!"

ಮಂದಾಕಿನಿ ಆಗಲೇ ಬಾಗಿಲು ದಾಟಿದ್ದಳು. ಎರಡೂ ಕೈ ಹಾಕಿ ಆ ಹೆಗಲನ್ನು ಎತ್ತಲು ಹೋದಳು, ಒಬ್ಬಳಿಂದ ಆಗಲಿಲ್ಲ. ಹಜರತಸಾಬ ಎಡಗೈಯನ್ನೂ ಬಲ ಮೊಣಕೈಯನ್ನೂ ಫಕೀರಪ್ಪನ ಬೆನ್ನ ಕೆಳಗೆ ತೂರಿಸಿದ. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಒಂದು ದೊಡ್ಡ ಸದ್ದಿನೊಂದಿಗೆ ಉಸಿರು ಬಂತು. ಮತ್ತೊಂದು ಬಂತು. ತುಟಿಗೆ ಬಣ್ಣ ಮರಳಿತು.

ಹಜರತಸಾಬ ಕುರ್ಚಿಯಲ್ಲಿ ಕುಸಿದ. ಇಪ್ಪತ್ತೆರಡು ವರ್ಷದಲ್ಲಿ ಗೆಳೆಯನ ಗೊರಕೆ ಕೇಳಿದ್ದನೇ ಹೊರತು ಹೀಗೆ ಹತ್ತಿರ ಕುಳಿತು ನೋಡಿರಲಿಲ್ಲ.

"ಹಿಂಗ ಎಷ್ಟ ಸಲ ಆಗತಿತ್ರಿ ಇಂವಗ?"

"ತಾಸಿಗೆ ಮೂವತ್ತೆಂಟು ಸಲ."

ಹಜರತಸಾಬ ನೆಲ ನೋಡುತ್ತ ಹೇಳಿದ. "ನೀವು ಮೊದಲ ಒಂದ ಮಾತು ಹೇಳಿದ್ರ ಆಗತಿತ್ರಿ. ಇಂವನ್ನ ಗಾಡಿ ಕೆಳಗ ಬಿಡತಿದ್ದಿಲ್ಲ ನಾ. ನಾನ ಮಲಗಿ ಹಿಡೀತಿದ್ದೆ."

ಮಂದಾಕಿನಿ ಹೌದು ಎಂದು ತಲೆಯಾಡಿಸಿದಳು.

ಮಾತಿನ ಸದ್ದಿಗೆ ಫಕೀರಪ್ಪ ಕಣ್ಣು ತೆರೆದ. ತಾನೆಲ್ಲಿದ್ದೇನೆಂದು ತಿಳಿಯಲು ಒಂದಿಷ್ಟು ಹೊತ್ತು ಬೇಕಾಯಿತು. ಆಮೇಲೆ ಮೈ ಮಗ್ಗುಲಾಗಿರುವುದನ್ನು ಕಂಡು ಗಾಬರಿಯಿಂದ ಇಬ್ಬರ ಮುಖವನ್ನೂ ನೋಡಿದ.

"ಮತ್ತ ತಿರಗಿದ್ನೇನ್ರಿ ನಾನು?"

"ಇಲ್ಲ, ಫಕೀರಪ್ಪಾರ," ಎಂದಳು ಮಂದಾಕಿನಿ. "ನಾವು ತಿರುಗಿಸಿದ್ವಿ."